ಮೂರು ಮಕ್ಕಳಿಗೆ ಒಂದು ಕಿಟ್ಟು: ದುಡ್ಡು ಕೊಡೋಕೆ ಮುಂಚೆ ನನ್ನದೊಂದು ಮಾತು



ಮೊದಲ ಮಳೆ ಬಿದ್ದು ಮೇಲಿನ ಹೊಲ ಒಂದು ಸಲ ಉತ್ತಾಯ್ತು. ಅಲಸಂದೆ ಹಾಕೋದೋ ಎಳ್ಳು ಹಾಕೋದೋ ಅಂತ ಈ ವಾರ ಬರೀಬೇಕು ಅಂತಿದ್ದೆ. ಅದನ್ನ ಮುಂದಿನ ವಾರಕ್ಕೆ ಇಟ್ಕೊಂಡಿದ್ದೀನಿ. ಇವತ್ತು ಬೆಳೆ ವಿಚಾರ ಅಲ್ಲ, ಮನೆ ಮಕ್ಕಳ ವಿಚಾರ.

ಮೊನ್ನೆ ನಾಲೆ ಏರಿ ಮೇಲೆ ನಮ್ಮ ಪಕ್ಕದ ಗದ್ದೆಯವನು ಸಿಕ್ಕಿದ್ದ. ಅವನಿಗೆ ಮೂರು ಮಕ್ಕಳು. ಒಂದು ಅಂಗನವಾಡಿ, ಒಂದು ಒಂದನೇ ಕ್ಲಾಸು, ದೊಡ್ಡವಳು ನಾಲ್ಕು ಮುಗಿಸಿದ್ದಾಳೆ. "ಅಣ್ಣ, ರಜ ಬಂತು, ಮಕ್ಕಳು ಫೋನು ಬುಡಲ್ಲ ಕಣಣ್ಣ. ಯಾರೋ ಏಜೆಂಟು ಬಂದಿದ್ದ. ಪುಸ್ತಕ, ಚಾರ್ಟು, ಕಾರ್ಡು, ಮೊಬೈಲ್ನಾಗೆ ಪಾಠ, ಎಲ್ಲ ಸೇರಿ ಒಂದು ಡಬ್ಬಿ. ಮೂರು ಜನಕ್ಕೂ ಆಯ್ತದಂತೆ. ಕಂತಲ್ಲಿ ಕೊಡ್ತಾರಂತೆ. ತಗೊಳ್ಳಾ?" ಅಂದ.

ನಾನು ಆಗ ಬೇಡ ಅಂತಲೂ ಹೇಳಲಿಲ್ಲ, ತಗೋ ಅಂತಲೂ ಹೇಳಲಿಲ್ಲ. ಯಾಕಂದ್ರೆ ಇಂಥದ್ದೇ ರಾಶಿಯನ್ನ ನಮ್ಮನೇಲಿ ಕೊರೋನಾ ಕಾಲದಲ್ಲಿ ಗುಡ್ಡೆ ಹಾಕಿ, ಅದರಲ್ಲಿ ಒಂದು ದೊಡ್ಡ ತಪ್ಪನ್ನೂ ಮಾಡಿದವನು ನಾನು. ನಾನೇನು ಮೇಷ್ಟ್ರಲ್ಲ, ಎಸ್ಸೆಸ್ಸೆಲ್ಸಿ ಪಾಸು ಮಾಡಿ ಗದ್ದೆಗೆ ಇಳಿದವನು. ಆದ್ರೆ ಒಂದೂವರೆ ವರ್ಷ ನಾಲ್ಕು ಮಕ್ಕಳನ್ನ ಮನೇಲಿ ಕೂರಿಸ್ಕೊಂಡು ಓದಿಸಿದ್ದೀನಿ. ಆ ಅನುಭವದ ಮೇಲೆ ಹೇಳ್ತೀನಿ.

ನಿಮಗೆಲ್ಲ ನೆನಪಿರಬಹುದು. 2020ರ ಮಾರ್ಚಿಯಲ್ಲಿ ಸ್ಕೂಲು ಮುಚ್ಚಿದ್ದು, ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಮತ್ತೆ ಬಾಗಿಲು ತೆಗೆದದ್ದು 2021ರ ಅಕ್ಟೋಬರ್ 25ಕ್ಕೆ. ಮೈಸೂರಲ್ಲಿದ್ದ ನಮ್ಮ ದೊಡ್ಡ ಮಗಳು ಅಳಿಯನ ಕೆಲಸ ನಿಂತ ಮೇಲೆ ಇಬ್ಬರು ಮಕ್ಕಳ ಜೊತೆ ಊರಿಗೆ ಬಂದಳು. ಮೊಮ್ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮೊಮ್ಮಗನಿಗೆ ಆರು. ನಮ್ಮ ತಮ್ಮನ ಮಗನಿಗೆ ಏಳು, ಊರಿನ ಸರ್ಕಾರಿ ಸ್ಕೂಲಲ್ಲಿ ಎರಡನೇ ಕ್ಲಾಸು. ನಮ್ಮ ಗದ್ದೆಗೆ ನಾಟಿ ಕಳೆಗೆ ಬರೋ ಹೆಣ್ಣುಮಗಳು ತನ್ನ ಐದು ವರ್ಷದ ಮಗಳನ್ನ ನಮ್ಮ ಜಗುಲಿ ಮೇಲೇ ಬಿಟ್ಟು ಬರೋಳು. ಹಂಗೆ ನಾಲ್ಕು ಜನ ಆದರು.

ಮನೇಲಿ ಏನೇನಿತ್ತು ಅಂತ ಲೆಕ್ಕ ಹೇಳ್ತೀನಿ ಕೇಳಿ. ಮೊಮ್ಮಗಳ ಇಂಗ್ಲಿಷ್ ಪುಸ್ತಕ ಒಂದು ಬ್ಯಾಗು. ಅವಳ ಸ್ಕೂಲಿಂದ ದಿನಾ ವಾಟ್ಸಾಪಿಗೆ ಬರೋ ಹಾಳೆಗಳು. ಅಳಿಯ ಕಂತಲ್ಲಿ ತಗೊಂಡಿದ್ದ ಮೊಬೈಲ್ ಪಾಠದ ಪ್ಯಾಕೇಜು. ತಮ್ಮನ ಮಗನ ಸರ್ಕಾರಿ ಪುಸ್ತಕ. ಚುಂಚನಕಟ್ಟೆ ಜಾತ್ರೇಲಿ ತಂದಿದ್ದ ಮಗ್ಗಿ ಪುಸ್ತಕ, ಗೋಡೆಗೆ ಅಂಟಿಸೋ ವರ್ಣಮಾಲೆ. ಇದರ ಮೇಲೆ ನಾನೂ ಉತ್ಸಾಹದಲ್ಲಿ ಕೆ.ಆರ್.ನಗರದಿಂದ ಕಾಪಿ ರೈಟಿಂಗು ಪುಸ್ತಕ, ಕನ್ನಡ ಇಂಗ್ಲಿಷ್ ಎರಡೂ, ನಾಲ್ಕು ಜನಕ್ಕೂ ಒಂದೊಂದು ತಂದೆ. ನಾಲ್ಕು ಜನರನ್ನೂ ಒಟ್ಟಿಗೆ ಕೂರಿಸಿ ಎಲ್ಲಾದರಲ್ಲೂ ಅಷ್ಟಷ್ಟು ಮಾಡಿಸಿದ್ವಿ.

ಏನಾಯ್ತು ಅಂದ್ರೆ, ನಾವು ಕೆಲವರು ಸ್ಪ್ರೇಯರ್ ಕ್ಯಾನಿಗೆ ಹುಳಿನ ಔಷಧಿ, ರೋಗದ ಔಷಧಿ, ಟಾನಿಕ್ಕು, ಗೊಬ್ಬರ ಎಲ್ಲ ಒಟ್ಟಿಗೆ ಸುರಿದು ಹೊಡೀತೀವಲ್ಲ, ಅದೇ ಆಯ್ತು. ಒಂದೊಂದೂ ಒಳ್ಳೇದೇ. ಸೇರಿಸಿದಾಗ ಎಲೆ ಸುಟ್ಟಿತು. ಒಂದು ಪುಸ್ತಕ ಅಆಇಈಯಿಂದ ಶುರು, ಇನ್ನೊಂದು ಬೇರೆ ಅಕ್ಷರದಿಂದ ಶುರು. ಒಂದರಲ್ಲಿ ಕೂಡೋ ಲೆಕ್ಕ ಹೀಗೆ, ಇನ್ನೊಂದರಲ್ಲಿ ಹಾಗೆ. ಚಿಕ್ಕವು ಗಲಿಬಿಲಿ ಬಿದ್ದು ಅಳೋಕೆ ಶುರು ಮಾಡಿದವು. ಮೊಬೈಲ್ ಪಾಠ ಅಂತೂ ಒಂದು ಫೋನು, ನಾಲ್ಕು ತಲೆ. ಸ್ವಲ್ಪ ಹೊತ್ತಿಗೆ ಜಗಳ, ಆಮೇಲೆ ಕಾರ್ಟೂನು.

ಆಗಸ್ಟ್ ಬಂತು, ನಾಲೆಗೆ ನೀರು ಬಿಟ್ಟರು, ನಾಟಿ ಶುರುವಾಯ್ತು. ಮನೇಲಿ ಕೂತು ಹೇಳಿಕೊಡೋಕೆ ಯಾರಿಗೆ ಪುರುಸೊತ್ತು? "ಮಗಾ, ನೀನು ದೊಡ್ಡವಳು, ಇವರಿಗೆ ಹೇಳಿಕೊಡು" ಅಂತ ಎಂಟು ವರ್ಷದ ಹುಡುಗಿ ತಲೆ ಮೇಲೆ ಮೂರು ಮಕ್ಕಳನ್ನ ಹಾಕಿ ಗದ್ದೆಗೆ ಹೋದ್ವಿ. ಅವಳು ಬಲು ಚೆನ್ನಾಗಿ ಮೇಡಂ ಥರ ಕೋಲು ಹಿಡ್ಕೊಂಡು ಪಾಠ ಮಾಡೋಳು. ನೋಡಿ ನಕ್ಕಿದ್ವಿ, ವೀಡಿಯೋ ಮಾಡಿದ್ವಿ, ನೆಂಟರಿಗೆಲ್ಲ ಕಳಿಸಿದ್ವಿ.

ಡಿಸೆಂಬರಲ್ಲಿ ಭತ್ತದ ಕುಯ್ಲು. ಒಂದು ಸಂಜೆ ಕೂಲಿ ಬಟವಾಡೆ ಮಾಡಬೇಕಿತ್ತು. ನನ್ನ ಕನ್ನಡಕ ಸಿಗಲಿಲ್ಲ. "ಈ ಪುಸ್ತಕದಲ್ಲಿರೋ ಹೆಸರು ಓದು ಮಗಾ, ಯಾರದು ಎಷ್ಟು ದಿನ" ಅಂತ ಮೊಮ್ಮಗಳಿಗೆ ಕೊಟ್ಟೆ. ಅವಳು ಪುಸ್ತಕ ಹಿಡ್ಕೊಂಡು ನಿಂತಳು. ಹಿಂದಿನಿಂದ ತಮ್ಮನ ಮಗ ಮೆಲ್ಲಗೆ ಹೆಸರು ಹೇಳ್ತಿದ್ದ, ಇವಳು ಅದನ್ನ ಜೋರಾಗಿ ಹೇಳ್ತಿದ್ದಳು. ಮೂರು ಹೆಸರು ಆದ ಮೇಲೆ ನನಗೆ ಗೊತ್ತಾಯ್ತು. ಆಮೇಲೆ ಇಂಗ್ಲಿಷ್ ಪುಸ್ತಕ ಕೊಟ್ಟು ನೋಡಿದ್ರೆ ಅದೂ ಹಂಗೇ. ಪಾಠದ ಪದ್ಯ ಎಲ್ಲ ಬಾಯಿಪಾಠ. ಹೊಸ ಪುಟ ತೆಗೆದ್ರೆ ಓದೋಕಾಗಲ್ಲ.

ನಾಲ್ಕು ತಿಂಗಳು ಮೂರು ಮಕ್ಕಳಿಗೆ ಪಾಠ ಹೇಳಿದ ಹುಡುಗಿಗೆ ಓದೋಕೇ ಬರ್ತಿರಲಿಲ್ಲ. ಅವಳನ್ನ ಕೂರಿಸಿ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಇದ್ದಿದ್ದನ್ನೂ ಮರೆತಿದ್ದಳು. ಕೂಲಿಯವರ ಮುಂದೆ ಅವಳು ತಲೆ ತಗ್ಗಿಸಿ ನಿಂತದ್ದು ಇವತ್ತಿಗೂ ನನ್ನ ಕಣ್ಣಮುಂದಿದೆ. ಆವತ್ತು ತಪ್ಪು ಮಾಡಿದವನು ನಾನು, ತಲೆ ತಗ್ಗಿಸಿದವಳು ಅವಳು.

ಮಾರನೇ ದಿನ ಊರಿನ ಸ್ಕೂಲು ಮೇಡಂ ಹತ್ರ ಹೋದೆ. ಆ ವರ್ಷ ಆಗಸ್ಟಲ್ಲಿ ಸರ್ಕಾರ ವಿದ್ಯಾಗಮ ಅಂತ ಶುರು ಮಾಡಿದಾಗ ಅವರೇ ಊರೊಳಗೆ ಬಂದು ಮಾರಮ್ಮನ ಗುಡಿ ಜಗುಲಿ ಮೇಲೆ ಪಾಠ ಮಾಡಿದ್ದರು. ಅಕ್ಟೋಬರಲ್ಲಿ ಅದು ನಿಂತೋಯ್ತು. ಅವರು ನನ್ನ ಪುಸ್ತಕದ ಪಟ್ಟಿಯನ್ನೆಲ್ಲ ಕೇಳಿ ಒಂದೇ ಮಾತು ಕೇಳಿದರು: "ನಾಲ್ಕು ಮಕ್ಕಳಲ್ಲಿ ಯಾರು ಯಾವ ಮೆಟ್ಟಿಲಲ್ಲಿ ಇದ್ದಾರೆ ಅಂತ ಹೇಳಿ." ನನ್ನ ಹತ್ರ ಉತ್ತರ ಇರಲಿಲ್ಲ. ಯಾವ ಪುಸ್ತಕ ಎಷ್ಟನೇ ಪುಟ ಅಂತ ಗೊತ್ತಿತ್ತು, ಮಗು ಎಲ್ಲಿದೆ ಅಂತ ಗೊತ್ತಿರಲಿಲ್ಲ.

ಅವರೇ ನಲಿಕಲಿ ಬಗ್ಗೆ ಬಿಡಿಸಿ ಹೇಳಿದ್ದು. ನಾನೂ ಅಲ್ಲೀತನಕ "ನಲಿಕಲಿ ಅಂದ್ರೆ ಆಟ ಆಡಿಸ್ತಾರೆ, ಪಾಠ ಇಲ್ಲ" ಅಂತ ಮಾತಾಡೋರಲ್ಲಿ ಒಬ್ಬ. ನಿಮಗೆ ಗೊತ್ತಾ, ಈ ನಲಿಕಲಿ ಹುಟ್ಟಿದ್ದು ಬೇರೆಲ್ಲೂ ಅಲ್ಲ, ನಮ್ಮ ಪಕ್ಕದ ಎಚ್.ಡಿ.ಕೋಟೆ ತಾಲೂಕಲ್ಲಿ, 1995ರಲ್ಲಿ. ಆಂಧ್ರದ ಮದನಪಲ್ಲಿ ಹತ್ರ ರಿಷಿ ವ್ಯಾಲಿಯವರು ಸುತ್ತಲ ಹಳ್ಳೀಲಿ ಸಣ್ಣ ಸಣ್ಣ ಶಾಲೆ ನಡೆಸ್ತಿದ್ದರು. ಒಬ್ಬರೇ ಮೇಷ್ಟ್ರು, ಎಲ್ಲ ಕ್ಲಾಸಿನ ಮಕ್ಕಳೂ ಒಂದೇ ಕೋಣೆ. ಅದನ್ನ ನೋಡ್ಕೊಂಡು ಬಂದ ನಮ್ಮ ಕೋಟೆ ಕಡೆ ಮೇಷ್ಟ್ರುಗಳೇ ಕನ್ನಡದಲ್ಲಿ ಕಾರ್ಡು ಮಾಡಿದರು. ಯುನಿಸೆಫ್‌ನವರು ನೆರವು ಕೊಟ್ಟರು. 2009-10ರಿಂದ ರಾಜ್ಯದ ಕನ್ನಡ ಮೀಡಿಯಂ ಸರ್ಕಾರಿ ಶಾಲೆಗಳ ಚಿಕ್ಕ ಕ್ಲಾಸುಗಳಿಗೆಲ್ಲ ಬಂತು.

ಕೋಟೆ ಕಡೆ ಯಾಕೆ ಬೇಕಾಯ್ತು ಅಂತ ಯೋಚನೆ ಮಾಡಿ. ಅಲ್ಲಿ ಹಾಡಿ ಮಕ್ಕಳು ಅಪ್ಪ ಅಮ್ಮನ ಜೊತೆ ಕೊಡಗಿನ ಕಾಫಿ ಕೆಲಸಕ್ಕೆ ಹೋಗಿಬಿಡ್ತಾರೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್ ಉರಿಯೋ ಕಾಲದಲ್ಲಿ ಮನೆಗಳಲ್ಲಿ ಯಾರಿಗೂ ಬಿಡುವಿರಲ್ಲ. ತಿಂಗಳು ಬಿಟ್ಟು ಬಂದ ಮಗುವಿಗೆ ಪುಸ್ತಕ ಎಲ್ಲೋ ಮುಂದೆ ಹೋಗಿರುತ್ತೆ. ನಲಿಕಲೀಲಿ ಹಂಗಲ್ಲ. ಗೋಡೆ ಮೇಲೆ ಒಂದು ಏಣಿ ಚಿತ್ರ. ಮೆಟ್ಟಿಲಿಗೊಂದು ಗುರುತು, ಗುರುತಿಗೆ ತಕ್ಕ ಕಾರ್ಡು. ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹತ್ತುತ್ತೆ. ಮಕ್ಕಳು ಮೇಷ್ಟ್ರ ಪೂರ್ತಿ ಸಹಾಯ ಬೇಕಾದವರು, ಸ್ವಲ್ಪ ಸಹಾಯ ಸಾಕು ಅನ್ನೋರು, ಗೆಳೆಯರ ಜೊತೆ ಕಲಿಯೋರು, ತಾವೇ ಮಾಡ್ಕೊಳ್ಳೋರು ಅಂತ ಬೇರೆ ಬೇರೆ ಗುಂಪಲ್ಲಿ ಕೂರ್ತಾರೆ. ಮೇಷ್ಟ್ರು ಒಬ್ಬರೇ ಎಲ್ಲರಿಗೂ ಒಟ್ಟಿಗೆ ಕೂಗೋದಿಲ್ಲ.

ಬೇರೆ ಬೇರೆ ವಯಸ್ಸಿನ ಮಕ್ಕಳು, ಒಂದೇ ಜಾಗ, ಹೇಳಿಕೊಡೋರು ಒಬ್ಬರೇ, ಅವರಿಗೂ ಬಿಡುವಿಲ್ಲ. ಇದು ನಮ್ಮ ಮನೆ ಲೆಕ್ಕವೇ ಅಲ್ಲವಾ? ದುಡ್ಡು ಕೊಟ್ಟು ತರೋ ಡಬ್ಬಿ ಪಾಠ ಒಂದು ಮಗು, ಪಕ್ಕದಲ್ಲಿ ಕೂರೋ ಓದಿದ ಅಪ್ಪ ಅಮ್ಮ, ಒಂದು ಫೋನು ಅಂತ ಲೆಕ್ಕ ಹಾಕಿ ಮಾಡಿದ್ದು. ಅದಕ್ಕೇ ನಮ್ಮನೇಲಿ ಅದು ಕೂರಲಿಲ್ಲ.

ಮೇಡಂ ಏಣಿಯದ್ದೂ ಕಾರ್ಡುಗಳದ್ದೂ ಜೆರಾಕ್ಸ್ ಮಾಡಿಸ್ಕೊಳ್ಳೋಕೆ ಕೊಟ್ಟರು. ಅಕ್ಷರ ಶುರುವಾಗೋದು ಅಆಇಈಯಿಂದಲ್ಲ, ರ ಗ ಸ ದ ಅ. ಮೊದಲು ನನಗೂ ವಿಚಿತ್ರ ಅನ್ನಿಸ್ತು. ನಾವು 49 ಅಕ್ಷರ ತಿದ್ದಿ ಮುಗಿಸೋತನಕ ಒಂದು ಪದವನ್ನೂ ಓದಿದವರಲ್ಲ. ಈ ಐದು ಅಕ್ಷರ ಬಂದ್ರೆ ಸಾಕು ಸರ, ದರ, ಅಗಸ, ಅರಸ, ಗರಗಸ ಓದಬಹುದು. ಆಮೇಲೆ ಜ ವ ಮ ಬ ನ ಸೇರಿದ್ರೆ ಜನ, ಮರ, ಬಸವ. ಆರು ವರ್ಷದ ನಮ್ಮ ಮೊಮ್ಮಗ ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಲ್ಲಿ ಬಸವ ಅಂತ ಬರೆದು, ನಮ್ಮ ಹೋರಿಗೆ ತೋರಿಸಿ ಬಂದ. ಅವನು ಓದಿದ್ದು ಅರ್ಥ ಇರೋ ಪದ, ಅದಕ್ಕೇ ಖುಷಿ.

ಆಮೇಲೆ ನಾವು ಮಾಡಿದ್ದು ಇಷ್ಟು. ಇದೇ ಈ ಬರಹದ ತಿರುಳು.

ಮೊದಲು ರಾಶಿ ಕರಗಿಸಿದ್ವಿ. ಅಕ್ಷರಕ್ಕೂ ಲೆಕ್ಕಕ್ಕೂ ಒಂದೇ ಏಣಿ, ಅದು ನಲಿಕಲಿ. ಅದರ ಜೊತೆ ಸರ್ಕಾರಿ ಪುಸ್ತಕ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಎಲ್ಲ ಕ್ಲಾಸಿನ ಪುಸ್ತಕವೂ ಪುಕ್ಕಟೆ ಸಿಗುತ್ತೆ. ಕಾಪಿ ರೈಟಿಂಗು, ಗೋಡೆ ಚಾರ್ಟು, ಮೊಬೈಲ್ ಪ್ಯಾಕೇಜು ಎಲ್ಲ ಅಟ್ಟಕ್ಕೆ ಹೋಯ್ತು. ಪ್ಯಾಕೇಜಿನ ಕಂತು ಮಾತ್ರ ಅಳಿಯ ಕಟ್ಟುತ್ತಲೇ ಇದ್ದ, ಅದು ಬೇರೆ ಕಥೆ.

ಎರಡನೇದು, ಏನನ್ನ ಬೇರೆ ಬೇರೆ ಕಲಿಸೋದು, ಏನನ್ನ ಒಟ್ಟಿಗೆ ಕಲಿಸೋದು ಅಂತ ತೀರ್ಮಾನ. ಅಕ್ಷರ, ಲೆಕ್ಕ ಇವು ಒಬ್ಬೊಬ್ಬರಿಗೆ ಬೇರೆ. ಜ್ಯೋತಿ ಬೇಗ ಬರೋ ಭತ್ತ, ರಾಜಮುಡಿ ತಡ. ಎರಡನ್ನ ಒಂದೇ ಪಾತೀಲಿ ಹಾಕಿ ಒಟ್ಟಿಗೆ ಕುಯ್ಯೋಕಾಗಲ್ಲ. ಆದ್ರೆ ನಾಲೆ ನೀರು ಎರಡಕ್ಕೂ ಒಂದೇ. ಕಥೆ, ಹಾಡು, ಪರಿಸರದ ಪಾಠ ಆ ನೀರಿನ ಥರ, ನಾಲ್ಕು ಜನಕ್ಕೂ ಒಟ್ಟಿಗೆ. ನಾಲೆ ಏರಿ ಮೇಲೆ ಹೋಗಿ ಬಸವನಹುಳು, ಏಡಿ, ಕೊಕ್ಕರೆ ನೋಡಿ ಬಂದು ಐದರವಳು ಚಿತ್ರ ಬರೆದಳು, ಆರರವನು ಹೆಸರು ಬರೆದ, ದೊಡ್ಡವರಿಬ್ಬರು ಎರಡು ಮೂರು ಸಾಲು ಬರೆದರು. ಪಾಠ ಒಂದೇ, ಕೆಲಸ ಬೇರೆ.

ಮೂರನೇದು, ಓದೋಕೆ ಕಥೆ ಪುಸ್ತಕ. ನಲಿಕಲೀಲಿ ಒಂದು ಕೊರತೆ ಇದೆ, ಅದನ್ನ ಮುಚ್ಚಿಡಲ್ಲ. ಕಾರ್ಡಲ್ಲಿ ಓದೋಕೆ ಸಿಗೋದು ನಾಲ್ಕು ಸಾಲು. ಓದೋದು ರೂಢಿ ಆಗಬೇಕಾದ್ರೆ ಇನ್ನೂ ಬೇಕು. ಆ ನವೆಂಬರಲ್ಲಿ ಪಂಚಾಯ್ತಿ ಲೈಬ್ರರೀಲಿ ಓದುವ ಬೆಳಕು ಅಂತ ಕಾರ್ಯಕ್ರಮ ಶುರುವಾಗಿತ್ತು, ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಅಲ್ಲಿಂದ ತಂದ್ವಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅಂತ ವೆಬ್‌ಸೈಟಿದೆ, ಕನ್ನಡದ ಚಿತ್ರಕಥೆ ಬೇಕಾದಷ್ಟು, ಪುಕ್ಕಟೆ. ಓದೋ ಮಟ್ಟದ ಪ್ರಕಾರ ಒಂದು ಎರಡು ಮೂರು ನಾಲ್ಕು ಅಂತ ಬೇರೆ ಮಾಡಿಟ್ಟಿದ್ದಾರೆ. ಫೋನನ್ನ ನಾನು ಕೈಯಲ್ಲಿ ಹಿಡ್ಕೊಂಡು ನಾಲ್ಕು ಜನರನ್ನ ಸುತ್ತ ಕೂರಿಸ್ಕೊಂಡು ರಾತ್ರಿ ಊಟಕ್ಕೆ ಮುಂಚೆ ಒಂದು ಕಥೆ.

ನಾಲ್ಕನೇದು ಲೆಕ್ಕ. ಇದಕ್ಕೆ ನಮಗಿಂತ ದೊಡ್ಡ ಕಿಟ್ಟು ಯಾರ ಹತ್ರ ಇದೆ? ಹುಣಸೆ ಬೀಜ, ಹತ್ತರ ಕಟ್ಟಿನ ಕಡ್ಡಿ, ಸೇರು, ಪಾವು, ಭತ್ತದ ಮೂಟೆ ಎಣಿಕೆ, ಡೈರಿ ಹಾಲಿನ ಚೀಟಿ. ಮಗ್ಗಿ ಪುಸ್ತಕ ಒಂದನ್ನ ಮಾತ್ರ ಅಟ್ಟದಿಂದ ವಾಪಸ್ ಇಳಿಸಿದೆ. ಮಗ್ಗಿ ಬಾಯಿಗೆ ಬರಲೇಬೇಕು, ಇದು ನನ್ನ ಹಳೇ ಕಾಲದ ಹಟ ಅಂದ್ರೂ ಪರವಾಗಿಲ್ಲ.

ಇನ್ನು ದೊಡ್ಡವಳ ವಿಚಾರ. ಅವಳನ್ನ ರ ಗ ಸ ದ ಅಕ್ಕೆ ತಮ್ಮಂದಿರ ಪಕ್ಕ ಕೂರಿಸಿದೆ. ಎರಡೇ ದಿನಕ್ಕೆ ಹಟ ಹಿಡಿದು ಎದ್ದು ಹೋದಳು. ನಾಚಿಕೆ ಆಗಲ್ವಾ? ಆಗ ನಮ್ಮ ಮನೆಯವರೇ ಒಂದು ಉಪಾಯ ಮಾಡಿದರು. "ಪುಟ್ಟಿಗೆ ರಾತ್ರಿ ಕಥೆ ನೀನೇ ಓದು, ಮಧ್ಯಾಹ್ನ ನಿನ್ನ ತಾತನ ಹತ್ರ ಒಂದು ಸಲ ಓದಿ ರೂಢಿ ಮಾಡ್ಕೊ" ಅಂದರು. ಚಿಕ್ಕವಳಿಗೋಸ್ಕರ ಅಂತ ಇವಳು ಮೊದಲನೇ ಮಟ್ಟದ ಸಣ್ಣ ಪುಸ್ತಕ ಹಿಡಿದಳು. ಯಾರೂ ನಗೋ ಹಂಗಿರಲಿಲ್ಲ. ದಿನಾ ಮಧ್ಯಾಹ್ನ ಅರ್ಧ ಗಂಟೆ ನಾನೂ ಅವಳೂ ಇಬ್ಬರೇ. ಎಂಥ ಕೆಲಸ ಇದ್ರೂ ಅದನ್ನ ತಪ್ಪಿಸಲಿಲ್ಲ. ಯುಗಾದಿ ಹೊತ್ತಿಗೆ ಅವಳಾಗೇ ಮೂರನೇ ಮಟ್ಟದ ಪುಸ್ತಕ ಕೇಳಿದಳು. ಇನ್ನೊಂದು ಸಲ ಕೂಲಿ ಪುಸ್ತಕ ಓದಿಸಬೇಕು ಅಂತ ನಾನು ಯಾವತ್ತೂ ಕೇಳಲಿಲ್ಲ. ಮುಂದಿನ ಕುಯ್ಲಲ್ಲಿ ಅವಳೇ ಇಸ್ಕೊಂಡು ಓದಿದಳು.

ಮನೇಲಿ ಎಲ್ಲರೂ ಇದಕ್ಕೆ ಹೂಂ ಅನ್ನಲಿಲ್ಲ. ಮಗಳು ಕೇಳಿದ್ದು ನ್ಯಾಯವಾದ ಪ್ರಶ್ನೆ. "ಅಪ್ಪ, ನಾಳೆ ಅವಳು ಇಂಗ್ಲಿಷ್ ಮೀಡಿಯಂಗೇ ವಾಪಸ್ ಹೋಗೋದು. ನಿನ್ನ ಕನ್ನಡ ಕಾರ್ಡು ಹಿಡ್ಕೊಂಡು ಅಲ್ಲಿ ಏನು ಮಾಡ್ತಾಳೆ?" ನಾನು ಹೇಳಿದ್ದು, ಒಂದು ಭಾಷೇಲಿ ಓದೋದು ಅಂದ್ರೆ ಏನು ಅಂತ ತಿಳಿದ್ರೆ ಇನ್ನೊಂದಕ್ಕೆ ದಾರಿ ಸಲೀಸು, ಮನೇಲಿ ಆಡೋ ಮಾತಲ್ಲಿ ಅದು ಬೇಗ ಬರುತ್ತೆ ಅಂತ. ಕೊನೆಗೆ ಒಪ್ಪಂದ ಆಯ್ತು. ಇಂಗ್ಲಿಷಿಗೆ ದಿನಾ ಇಪ್ಪತ್ತು ನಿಮಿಷ, ಅವಳದೇ ಒಂದು ಪುಸ್ತಕ, ಮಗಳೇ ಕೂತು ಹೇಳಿಕೊಡೋದು. ವಾಪಸ್ ಹೋದಾಗ ಮೊಮ್ಮಗಳಿಗೆ ಇಂಗ್ಲಿಷಲ್ಲಿ ಒಂದು ವರ್ಷ ಕಷ್ಟ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ಎರಡು ಭಾಷೇಲೂ ಬಾಯಿಪಾಠ ಮಾಡ್ಕೊಂಡು ಹೋಗಿದ್ರೆ ಇನ್ನೂ ಕಷ್ಟ ಆಗ್ತಿತ್ತು ಅನ್ನೋದು ನನ್ನ ಅಭಿಪ್ರಾಯ. ಮಗಳು ಇವತ್ತಿಗೂ ಪೂರ್ತಿ ಒಪ್ಪಲ್ಲ.

ಸ್ಕೂಲು ತೆಗೆದ ಮೇಲೆ ಸರ್ಕಾರವೂ 2022-23ನೇ ವರ್ಷವನ್ನ ಕಲಿಕಾ ಚೇತರಿಕೆ ಅಂತಲೇ ಮಾಡಿತು. ಹಿಂದಿನ ಮೆಟ್ಟಿಲು ಗಟ್ಟಿ ಮಾಡದೆ ಮುಂದಿನ ಪುಸ್ತಕ ಕೊಟ್ಟು ಪ್ರಯೋಜನ ಇಲ್ಲ ಅಂತ ಎಲ್ಲರಿಗೂ ಗೊತ್ತಾಗಿತ್ತು. ನಮಗೆ ಅದು ಒಂದು ಕುಯ್ಲಿನ ಸಂಜೆ ಗೊತ್ತಾಯ್ತು, ಅಷ್ಟೇ ವ್ಯತ್ಯಾಸ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಬೆಂಗಳೂರು ಕಡೆ ಕೆಲವರು ಮಕ್ಕಳನ್ನ ಸ್ಕೂಲಿಗೇ ಕಳಿಸದೆ ಮನೇಲೇ ಓದಿಸ್ತಾರೆ. ಅವರಿಗೆ ಆ ಬಿಡುವು, ಅನುಕೂಲ ಇರಬಹುದು. ನಾನು ಅದನ್ನ ಹೇಳ್ತಿಲ್ಲ. ನಮ್ಮ ಮಕ್ಕಳಿಗೆ ಸ್ಕೂಲು ಬೇಕು, ಅಲ್ಲಿನ ಬಿಸಿಯೂಟ ಬೇಕು, ಗೆಳೆಯರು ಬೇಕು. ನಮ್ಮ ಜಗುಲಿ ಮೇಲೆ ಕಲಿತ ಆ ಐದು ವರ್ಷದ ಪುಟ್ಟಿಗೆ ನಮ್ಮನೆ ಸಿಕ್ತು. ಸಿಗದೇ ಇದ್ದ ಮಕ್ಕಳು ಎಷ್ಟಿದ್ದರೋ. ನಾನು ಹೇಳ್ತಿರೋದು ರಜ, ಮಳೆ, ಜ್ವರ, ಸಂಜೆ ಹೊತ್ತು, ಅಂದ್ರೆ ಮಕ್ಕಳು ಮನೇಲಿರೋ ಹೊತ್ತಿನ ಬಗ್ಗೆ.

ಪಕ್ಕದ ಗದ್ದೆಯವನಿಗೆ ನನ್ನ ಉತ್ತರ ಇದು. ಏಜೆಂಟಿಗೆ ಒಂದು ವಾರ ಬಿಟ್ಟು ಬಾ ಅನ್ನು. ಅಷ್ಟರಲ್ಲಿ ಮೂರು ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ, ಬೇರೆ ಯಾರೂ ಇಲ್ಲದಾಗ, ಪಕ್ಕದಲ್ಲಿ ಕೂರಿಸ್ಕೊ. ಅವರು ಯಾವತ್ತೂ ನೋಡಿಲ್ಲದ ಒಂದು ಪುಟ ಓದಿಸು. ಗೊಬ್ಬರದ ಚೀಲ ಆದ್ರೂ ಸರಿ, ಮದುವೆ ಕಾಗದ ಆದ್ರೂ ಸರಿ. ಯಾರು ಎಲ್ಲಿ ನಿಲ್ತಾರೆ ಅಂತ ಬರೆದಿಟ್ಕೊ, ಬಯ್ಯಬೇಡ. ಆ ಚೀಟಿ ಹಿಡ್ಕೊಂಡು ನಿಮ್ಮೂರ ಮೇಡಂ ಹತ್ರ ಹೋಗು. ಆಮೇಲೂ ಡಬ್ಬಿ ಬೇಕು ಅನ್ನಿಸಿದ್ರೆ ತಗೋ, ನಾನು ಅಡ್ಡ ಬರಲ್ಲ.

ಇನ್ನೊಂದು. ದೊಡ್ಡ ಹುಡುಗಿ ಚಿಕ್ಕವರಿಗೆ ಒಂದು ಕಥೆ ಓದಲಿ, ಒಂದು ಕಾರ್ಡು ತೋರಿಸಲಿ, ಒಳ್ಳೇದು. ಅವಳನ್ನೇ ಮನೆ ಮೇಡಂ ಮಾಡಿ ನಾವು ಗದ್ದೆಗೆ ಹೋಗೋದು ಬೇಡ. ಅವಳೂ ಮಗು. ದಿನಕ್ಕೆ ಅರ್ಧ ಗಂಟೆ ಅವಳದ್ದು ಅಂತ ಎತ್ತಿಡು. ಆ ಅರ್ಧ ಗಂಟೆ ಯಾವ ಡಬ್ಬೀಲೂ ಬರಲ್ಲ.

ಮೊಮ್ಮಗಳು ಈಗ ಹೈಸ್ಕೂಲು. ಈ ಬರಹ ಹಾಕೋಕೆ ಮುಂಚೆ ಅವಳಿಗೆ ಫೋನಲ್ಲಿ ಓದಿ ಹೇಳಿದೆ, ಬೇಡ ಅಂದ್ರೆ ಹಾಕಲ್ಲ ಅಂದೆ. "ಹಾಕು ತಾತ, ಆದ್ರೆ ಹೆಸರು ಹಾಕಬೇಡ" ಅಂದಳು. ಹಾಕಿಲ್ಲ.

ನಿಮ್ಮ ಮನೆಗಳಲ್ಲಿ ಆ ಎರಡು ವರ್ಷ ಏನು ಮಾಡಿದಿರಿ, ಯಾವುದು ಕೆಲಸಕ್ಕೆ ಬಂತು, ಯಾವುದು ಅಟ್ಟಕ್ಕೆ ಹೋಯ್ತು ಅಂತ ಕೆಳಗೆ ಬರೀರಿ. ಮೇಷ್ಟ್ರುಗಳು ಯಾರಾದ್ರೂ ಓದ್ತಿದ್ರೆ ನನ್ನ ತಪ್ಪನ್ನ ತಿದ್ದಿ. ಅಲಸಂದೆ ಎಳ್ಳಿನ ವಿಚಾರ ಮುಂದಿನ ವಾರ, ಅಷ್ಟರಲ್ಲಿ ಇನ್ನೊಂದು ಹದ ಮಳೆ ಬಂದ್ರೆ.